ಮರೆ ಮತ್ತು ನೋಟ: ನಗರೋದ್ಯಾನದ ಪೊದೆಗಳ ಒಂದು ಚರಿತ್ರೆ

ಕನ್ನಡದ ‘ಮರೆ’ ಎಂಬ ಶಬ್ದಕ್ಕೆ ಎರಡು ಮುಖಗಳುಂಟು. ಮರೆಯಲ್ಲಿ ನಿಲ್ಲುವುದೆಂದರೆ ಅನ್ಯರ ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುವುದು. ಮರೆಹೊಗುವುದೆಂದರೆ ಆಶ್ರಯವನ್ನು ಯಾಚಿಸುವುದು. ಹೊಂಚುಹಾಕುವವನಿಗೂ ಮರೆ ಬೇಕು, ಅಂಜಿ ಓಡಿಬಂದವನಿಗೂ ಮರೆ ಬೇಕು. ನಗರದ ಸಾರ್ವಜನಿಕ ಉದ್ಯಾನದಲ್ಲಿ ಬೆಳೆದ ಒಂದು ಪೊದೆಯ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಬೀದಿಯ ಗದ್ದಲದಿಂದ ಬಳಲಿ ಬಂದವನಿಗೆ ಅದು ತಂಪನ್ನೂ ಏಕಾಂತವನ್ನೂ ಕೊಡುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ಪೊದೆಯ ಪಕ್ಕದಲ್ಲಿ ಒಬ್ಬಂಟಿಯಾಗಿ ಹಾದುಹೋಗಬೇಕಾದ ಹೆಣ್ಣುಮಗಳ ಹೆಜ್ಜೆ ತಾನಾಗಿಯೇ ಬಿರುಸಾಗುತ್ತದೆ.

ಗಿಡ ನೆಡುವ ಕ್ರಮಕ್ಕೂ ಮನುಷ್ಯನ ಭಯಾಭಯಗಳಿಗೂ ಇರುವ ಈ ಸಂಬಂಧವನ್ನು ಇತ್ತೀಚಿನ ಮನಶ್ಶಾಸ್ತ್ರಜ್ಞರು ಕಂಡುಹಿಡಿದರೆಂದು ಭಾವಿಸುವವರಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ. ಅರಸರ ಶಾಸನಗಳಲ್ಲಿ, ಕೋಟೆ ಕಟ್ಟುವವರ ಲೆಕ್ಕಾಚಾರಗಳಲ್ಲಿ, ಉದ್ಯಾನಶಿಲ್ಪಿಗಳ ಬರವಣಿಗೆಗಳಲ್ಲಿ ಇದರ ಜಾಡನ್ನು ಏಳು ಶತಮಾನಗಳಷ್ಟು ಹಿಂದಕ್ಕೆ ಹಿಡಿಯಬಹುದಾಗಿದೆ. ಪ್ರಸ್ತುತ ಲೇಖನದಲ್ಲಿ ಆ ಜಾಡನ್ನು ಸ್ಥೂಲವಾಗಿ ಅನುಸರಿಸಿ, ನ್ಯೂಯಾರ್ಕ್ ನಗರದ ಎರಡು ಉದ್ಯಾನಗಳ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಂತು, ಕೊನೆಗೆ ನಾವು ಬಾಳುತ್ತಿರುವ ಈ ಮುಂಬಯಿಗೆ ಮರಳಿ ಬರುವ ಉದ್ದೇಶವಿದೆ.

ಕ್ರಿ. ಶ. 1285ರಲ್ಲಿ ಇಂಗ್ಲೆಂಡಿನ ಅರಸನಾದ ಒಂದನೆಯ ಎಡ್ವರ್ಡನು ವಿಂಚೆಸ್ಟರಿನಲ್ಲಿ ಒಂದು ಶಾಸನವನ್ನು ಹೊರಡಿಸಿದನು. ದಾರಿಗಳ್ಳರ ಹಾವಳಿಯನ್ನು ಅಡಗಿಸುವುದು ಅದರ ಉದ್ದೇಶಗಳಲ್ಲೊಂದು. ಒಂದು ಸಂತೆಯೂರಿನಿಂದ ಮತ್ತೊಂದು ಸಂತೆಯೂರಿಗೆ ಹೋಗುವ ಹೆದ್ದಾರಿಯ ಎರಡೂ ಬದಿಗಳಲ್ಲಿ 200 ಅಡಿಗಳವರೆಗೆ, ಕೇಡಿಗನು ಅಡಗಿ ಕುಳಿತುಕೊಳ್ಳಬಹುದಾದ ಪೊದೆಯಾಗಲಿ ಕುರುಚಲಾಗಲಿ ಹಳ್ಳವಾಗಲಿ ಇರಕೂಡದೆಂದು ಅದು ವಿಧಿಸಿತು. ದಾರಿಯ ಬದಿಯನ್ನು ಹೀಗೆ ತೆರವು ಮಾಡದ ಭೂಮಾಲಿಕನ ನೆಲದಲ್ಲಿ ದರೋಡೆ ನಡೆದರೆ ಅದಕ್ಕೆ ಅವನೇ ಹೊಣೆ. ಶ್ರೀಮಂತರ ಬೇಟೆಯ ವನವು ದಾರಿಯ ಬಳಿಯಲ್ಲಿದ್ದರೆ ಅದನ್ನೂ ಹಿಂದಕ್ಕೆ ಸರಿಸಬೇಕು, ಇಲ್ಲವೆ ಗೋಡೆಯನ್ನೋ ಕಂದಕವನ್ನೋ ನಿರ್ಮಿಸಬೇಕು. ಅಂಥ ಬೇಟೆಯ ವನಕ್ಕೆ ಆಗ ‘ಪಾರ್ಕ್’ ಎಂದೇ ಹೆಸರು. ಇಂದು ನಾವು ಮಕ್ಕಳನ್ನು ಆಟಕ್ಕೆ ಕರೆದೊಯ್ಯುವ ಸ್ಥಳದ ಹೆಸರು ಅಲ್ಲಿಂದ ಬಂದುದು.

ಈ ಶಾಸನದಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು ಅದರ ಒಂದು ವಿನಾಯಿತಿ. ಓಕ್ ಮರಗಳಿಗೂ ಇತರ ಹೆಮ್ಮರಗಳಿಗೂ ಈ ಆಜ್ಞೆ ಅನ್ವಯಿಸದು. ಅವುಗಳ ಬುಡ ಮಾತ್ರ ತೆರವಾಗಿರಬೇಕು. ಮರ ಬೇರೆ, ಪೊದೆ ಬೇರೆ ಎಂಬ ವಿವೇಕ ಹದಿಮೂರನೆಯ ಶತಮಾನದ ಆ ಕರಣಿಕರಿಗೆ ಇತ್ತು. ಹಸಿರಿನ ಮೊತ್ತ ಎಷ್ಟೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಮೊಣಕಾಲಿನಿಂದ ತಲೆಯ ಎತ್ತರದವರೆಗಿನ ನಾಲ್ಕೈದು ಅಡಿಗಳ ಅಂತರದಲ್ಲಿ ಏನು ಬೆಳೆದಿದೆ ಎಂಬುದನ್ನು ಅವರು ಕೇಳಿದರು. ಇಂದಿನ ಉದ್ಯಾನ ಇಲಾಖೆಗಳ ಕೈಪಿಡಿಗಳಲ್ಲಿ ಪೊದೆಗಳನ್ನು ಸುಮಾರು 3 ಅಡಿಗಿಂತ ಮೇಲೇಳಗೊಡಬಾರದೆಂದೂ ಮರದ ಕೊಂಬೆಗಳನ್ನು 6-7 ಅಡಿಗಿಂತ ಕೆಳಗೆ ಇಳಿಯಗೊಡಬಾರದೆಂದೂ ಕಾಣುವ ನಿಯಮ ಆ ವಿನಾಯಿತಿಯ ಮಾತನ್ನೇ ಅಳತೆಗಳಲ್ಲಿ ಹೇಳುತ್ತದೆ.

ಇದನ್ನು ಓದುವಾಗ ನಮ್ಮ ಹಳ್ಳಿಗಳ ಅಶ್ವತ್ಥಕಟ್ಟೆ ನೆನಪಾಗದೆ ಇರದು. ಮೇಲೆ ಮುಗಿಲನ್ನು ಮುಚ್ಚುವಂಥ ನೆರಳು, ಕೆಳಗೆ ಕಸಕಡ್ಡಿಯಿಲ್ಲದಂತೆ ಗುಡಿಸಿದ ನೆಲ, ಸುತ್ತಲೂ ಕೂರಲು ಕಲ್ಲಿನ ಜಗಲಿ. ಅಲ್ಲಿ ಕುಳಿತವನಿಗೆ ಊರಿಗೆ ಬರುವವರೂ ಹೋಗುವವರೂ ಕಾಣುತ್ತಾರೆ. ಅವನೂ ಎಲ್ಲರಿಗೂ ಕಾಣುತ್ತಾನೆ. ಯಾವ ಉದ್ಯಾನಶಾಸ್ತ್ರವನ್ನೂ ಓದದವರು ಕಟ್ಟಿದ ಈ ರಚನೆಗಿಂತ ನಿರ್ಭಯವಾದ ಸಾರ್ವಜನಿಕ ಸ್ಥಳವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಆ ಕಟ್ಟೆಯ ಮೇಲೆ ಕೂರುವ ಅಧಿಕಾರ ಊರಿನ ಎಲ್ಲರಿಗೂ ಇತ್ತೇ ಎಂದು ಕೇಳಿದರೆ ಉತ್ತರ ಅಷ್ಟು ಹಿತವಾಗಿರದು. ಎಷ್ಟೋ ಊರುಗಳಲ್ಲಿ ಹೆಂಗಸರೂ ಹೊಲಗೇರಿಯವರೂ ಅದರ ಮುಂದಿನಿಂದ ತಲೆತಗ್ಗಿಸಿ ಹಾದುಹೋದವರೇ. ಈ ಪ್ರಶ್ನೆ ಮುಂದೆ ಮತ್ತೆ ಬರಲಿದೆ.

ತೆರವಾದ ನೋಟವನ್ನು ಬೇರೊಂದು ಕಾರಣಕ್ಕಾಗಿ ಬಯಸಿದವರು ಕೋಟೆಗಳ ಅಧಿಪತಿಗಳು. ಮುಂಬಯಿಯ ಆಜಾದ್, ಕ್ರಾಸ್, ಓವಲ್ ಮೈದಾನಗಳು ಇಂದು ನಗರದ ಉಸಿರೆಂದು ಎಲ್ಲರೂ ಹೇಳುತ್ತೇವೆ. ಅವು ಹುಟ್ಟಿದ್ದು ಫಿರಂಗಿಯ ಕಣ್ಣಿಗೋಸ್ಕರ. ಹದಿನೆಂಟನೆಯ ಶತಮಾನದಲ್ಲಿ ಕಂಪನಿ ಸರಕಾರವು ಕೋಟೆಯ ಗೋಡೆಯಾಚೆಗಿನ ತೆಂಗಿನ ತೋಪುಗಳನ್ನೂ ಮನೆಗಳನ್ನೂ ತೆಗೆಸಿ, ಮೇಲೇರಿ ಬರುವ ವೈರಿಗೆ ಮರೆಯೇ ದೊರೆಯದಂತೆ ಎಸ್ಪ್ಲನೇಡ್ ಎಂಬ ಬಯಲನ್ನು ಉಂಟುಮಾಡಿತು. 1803ರ ಭಾರಿ ಅಗ್ನಿಪ್ರಮಾದದ ಬಳಿಕ ಆ ಬಯಲು ಮತ್ತಷ್ಟು ವಿಸ್ತಾರಗೊಂಡಿತು. 1860ರ ದಶಕದಲ್ಲಿ ಗವರ್ನರ್ ಬಾರ್ಟ್ಲ್ ಫ್ರಿಯರನ ಕಾಲದಲ್ಲಿ ಗೋಡೆಗಳು ಉರುಳಿದವು, ಬಯಲಿನ ತುಣುಕುಗಳು ಉಳಿದವು. ಸಾಯಂಕಾಲ ಓವಲ್ ಮೈದಾನವನ್ನು ಅಡ್ಡ ಹಾಯ್ದು ಚರ್ಚ್‌ಗೇಟಿಗೆ ನಡೆಯುವ ಗುಮಾಸ್ತರಿಗೆ ಅಂಜಿಕೆಯಾಗದಿರುವುದಕ್ಕೆ ಎರಡು ಶತಮಾನಗಳ ಹಿಂದಿನ ಸೇನಾನಿಗಳ ಅಂಜಿಕೆ ಒಂದು ಕಾರಣವಾಗಿದೆಯೆಂದರೆ ಚೋದ್ಯವೆನಿಸಬಹುದು.

ಇನ್ನು ವಿಹಾರಕ್ಕೆಂದೇ ನಿರ್ಮಿತವಾದ ಉದ್ಯಾನಗಳ ಮಾತು. ಹದಿನೆಂಟನೆಯ ಶತಮಾನದ ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ಸಾವಿರಾರು ದೀಪಗಳು ಬೆಳಗುವ ರಾಜಬೀದಿಗಳಿದ್ದಂತೆ, ಮರಗಳು ಒತ್ತಾಗಿ ಕೂಡಿದ ‘ಕತ್ತಲ ಹಾದಿ’ಗಳೂ ಇದ್ದವು. ಪ್ರಣಯಿಗಳಿಗೆ ಅವು ಪ್ರಿಯ. ಮರ್ಯಾದಸ್ಥ ಕುಟುಂಬಗಳಿಗೆ ದಿಗಿಲು. ಅವುಗಳಿಗೆ ದೀಪ ಹಾಕಿಸಬೇಕೆಂದು ಅಧಿಕಾರಿಗಳು ಒತ್ತಾಯಿಸಿದರೆ, ತರುಣ ವಿಹಾರಿಗಳಿಗೆ ಅದು ರುಚಿಸುತ್ತಿರಲಿಲ್ಲ. ಮರೆಯ ಎರಡು ಮುಖಗಳಿಗೂ ವಕೀಲರಿದ್ದರು ಎಂಬುದಿಷ್ಟೇ ಇಲ್ಲಿ ನಮಗೆ ಪ್ರಕೃತ.

ಮುಂದಿನ ಶತಮಾನದಲ್ಲಿ ಈ ಇಬ್ಬಗೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದವರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಹಾಗೂ ಕ್ಯಾಲ್ವರ್ಟ್ ವಾ. 1858ರಲ್ಲಿ ಇವರಿಬ್ಬರ ಯೋಜನೆಗೆ ಸ್ಪರ್ಧೆಯ ಪ್ರಥಮ ಬಹುಮಾನ ದೊರೆಯಿತು. ಇಂದು 843 ಎಕರೆಗಳಿರುವ ಆ ಉದ್ಯಾನದಲ್ಲಿ ವಿಶಾಲವಾದ ಹುಲ್ಲುಗಾವಲುಗಳಿರುವಂತೆ, ‘ರ್‍ಯಾಂಬಲ್’ ಎಂಬ ಹೆಸರಿನ ಸುಮಾರು 36 ಎಕರೆಗಳ ಒಂದು ಕೃತಕ ಅರಣ್ಯವೂ ಇದೆ. ಬಂಡೆಗಳು, ತೊರೆ, ಹಾವಿನಂತೆ ಹೊರಳುವ ಕಾಲುದಾರಿಗಳು, ಒತ್ತೊತ್ತಾದ ಪೊದೆಗಳು: ಹತ್ತು ಹೆಜ್ಜೆಯ ಮುಂದೆ ಏನಿದೆಯೆಂದು ತಿಳಿಯದಿರುವುದೇ ಅಲ್ಲಿನ ಸೊಗಸು. ನಗರದ ನೇರ ಬೀದಿಗಳಿಂದ ಬೇಸತ್ತ ಮನಸ್ಸಿಗೆ ಕುತೂಹಲದ ಔಷಧ ಬೇಕೆಂಬುದು ಅವರ ಅಭಿಪ್ರಾಯ.

ಆದರೆ ಅದೇ ಯೋಜನೆಯಲ್ಲಿ ಅವರು ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಿದರು. ಕತ್ತಲಾದ ಮೇಲೆ ಇಷ್ಟು ವಿಶಾಲವಾದ ತೆರಪಿನಲ್ಲಿ ಜನರ ಸುರಕ್ಷಿತತೆಗೆ ಭರವಸೆ ಕೊಡುವುದು, ಉತ್ತಮವಾದ ಪೋಲೀಸು ವ್ಯವಸ್ಥೆಯಿರುವ ಲಂಡನ್ನಿನಲ್ಲಿಯೂ ಸಾಧ್ಯವಾಗಿಲ್ಲ. ಆದುದರಿಂದ ರಾತ್ರಿಯ ವೇಳೆ ಉದ್ಯಾನವನ್ನು ಮುಚ್ಚಬೇಕು, ಅದನ್ನು ಅಡ್ಡ ಹಾಯುವ ರಸ್ತೆಗಳನ್ನು ಮಾತ್ರ ತಗ್ಗಿನಲ್ಲಿ ತೋಡಿ ಬೇರ್ಪಡಿಸಿ ತೆರೆದಿಡಬೇಕು ಎಂದು. ಉದ್ಯಾನದ ಮೇಲ್ವಿಚಾರಕನಾಗಿ ಓಮ್‌ಸ್ಟೆಡ್ ಕಾವಲುಗಾರರ ಒಂದು ಪಡೆಯನ್ನೇ ಕಟ್ಟಿ ಅವರಿಗೆ ಶಿಕ್ಷಣ ಕೊಟ್ಟನು. ಪೊದೆಯನ್ನು ನೆಟ್ಟವನೇ ಪೊದೆಯ ಅಪಾಯವನ್ನು ಅರಿತಿದ್ದನು. ಅವನು ಅದಕ್ಕೆ ಕಂಡ ಪರಿಹಾರ ಕಾವಲು, ಬೀಗ ಮತ್ತು ನಿತ್ಯದ ಆರೈಕೆ. 1889ರಲ್ಲಿ ಹ್ಯಾರಿಸನ್ ಎಂಬವರೊಡನೆ ಸೇರಿ, ಸಾರ್ವಜನಿಕ ವನಗಳಲ್ಲಿ ಕೊಡಲಿಯ ಬಳಕೆಯನ್ನು ಸಮರ್ಥಿಸುವ ಒಂದು ಪುಸ್ತಿಕೆಯನ್ನೇ ಅವನು ಪ್ರಕಟಿಸಿದನು. ಒಮ್ಮೆ ನೆಟ್ಟುದನ್ನು ಕಾಲಕಾಲಕ್ಕೆ ತೆಳುವಾಗಿಸದಿದ್ದರೆ ನೆಟ್ಟವನ ಉದ್ದೇಶವೇ ಕೆಡುತ್ತದೆಂಬುದು ಅದರ ವಾದ. ಆ ಕಾವಲೂ ಆ ಆರೈಕೆಯೂ ನಿಂತುಹೋದ ಕಾಲದಲ್ಲಿ ಏನಾಯಿತೆಂಬುದೇ ಇಪ್ಪತ್ತನೆಯ ಶತಮಾನದ ಕಥೆ.

ಆ ಕಥೆಗೆ ಬ್ರಯಂಟ್ ಪಾರ್ಕ್ ಒಳ್ಳೆಯ ನಿದರ್ಶನ. ನ್ಯೂಯಾರ್ಕಿನ ನಟ್ಟನಡುವೆ, ದೊಡ್ಡ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗೆ, ನಲವತ್ತೆರಡನೆಯ ಬೀದಿಯ ಅಂಚಿನಲ್ಲಿರುವ ಈ ಪುಟ್ಟ ಉದ್ಯಾನಕ್ಕೆ ಕವಿ ವಿಲಿಯಂ ಕಲೆನ್ ಬ್ರಯಂಟನ ಹೆಸರು ಬಂದುದು 1884ರಲ್ಲಿ. ಅದಕ್ಕೆ ಮೊದಲು ಆ ನೆಲ ದಿಕ್ಕಿಲ್ಲದವರ ಹೆಣಗಳನ್ನು ಹೂಳುವ ಸ್ಮಶಾನವಾಗಿದ್ದಿತು. 1853ರಲ್ಲಿ ಅಲ್ಲಿ ತಲೆಯೆತ್ತಿದ ಸ್ಫಟಿಕ ಮಂದಿರವು 1858ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಷ್ಟೆಲ್ಲ ಪೂರ್ವಾಶ್ರಮವುಳ್ಳ ಆ ಸ್ಥಳವು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಾಳುಬಿದ್ದಿತ್ತು. ನಿರುದ್ಯೋಗಿ ವಾಸ್ತುಶಿಲ್ಪಿಗಳಿಗಾಗಿ ಏರ್ಪಡಿಸಿದ ಸ್ಪರ್ಧೆಯೊಂದರಲ್ಲಿ ಗೆದ್ದ ಲಸ್ಬಿ ಸಿಂಪ್ಸನ್ನನ ನಕ್ಷೆಯನ್ನು ಉದ್ಯಾನಾಧಿಕಾರಿ ರಾಬರ್ಟ್ ಮೋಸೆಸ್ 1934ರಲ್ಲಿ ಕಾರ್ಯಗತಗೊಳಿಸಿದನು.

ಆ ನಕ್ಷೆಯನ್ನು ಕಾಗದದ ಮೇಲೆ ನೋಡಿದರೆ ತಪ್ಪೇನೂ ತೋರದು. ಉದ್ಯಾನದ ನೆಲವನ್ನು ಬೀದಿಯ ಮಟ್ಟಕ್ಕಿಂತ ಕೆಲವು ಅಡಿ ಎತ್ತರಿಸಿ, ಸುತ್ತ ಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ಕಬ್ಬಿಣದ ಬೇಲಿ ನಿಲ್ಲಿಸಿ, ಒಳಗೆ ಹಸಿರುಬೇಲಿಯನ್ನು ಬೆಳೆಸಿದರು. ಮಧ್ಯದಲ್ಲಿ ಫ್ರೆಂಚ್ ರೀತಿಯ ಹುಲ್ಲುಹಾಸು, ಇಕ್ಕೆಲಗಳಲ್ಲಿ ಪ್ಲೇನ್ ಮರಗಳ ಸಾಲು. ನಗರವನ್ನು ಹೊರಗಿಟ್ಟು ಒಳಗೆ ಶಾಂತಿಯನ್ನು ಕಾಪಾಡಬೇಕೆಂಬ ಸದುದ್ದೇಶ. ಉದ್ದೇಶ ನೆರವೇರಿತು, ನಗರ ಹೊರಗೆ ಉಳಿಯಿತು. ಬೀದಿಯಲ್ಲಿ ಹೋಗುವವರಿಗೆ ಒಳಗೇನಿದೆಯೆಂದು ಕಾಣದು. ಒಳಗಿರುವವರಿಗೆ ಯಾರು ಬರುತ್ತಿದ್ದಾರೆಂದು ತಿಳಿಯದು. ಬಾಗಿಲುಗಳು ಕೆಲವೇ, ಅವೂ ಇಕ್ಕಟ್ಟಾದವು. 1970ರ ದಶಕದ ಹೊತ್ತಿಗೆ ಅದು ಮಾದಕದ್ರವ್ಯಗಳ ಮಾರಾಟದ ಬಯಲಂಗಡಿಯಾಗಿ ಪರಿಣಮಿಸಿತ್ತು. ಗ್ರಂಥಾಲಯಕ್ಕೆ ಬರುವ ಓದುಗರು ಉದ್ಯಾನವನ್ನು ಬಳಸಿಕೊಂಡು ಸುತ್ತುಹಾದಿ ಹಿಡಿಯುತ್ತಿದ್ದರು.

ಈ ಸ್ಥಿತಿಯನ್ನು ಪರಿಶೀಲಿಸಲು ಬಂದವರು ವಿಲಿಯಂ ವೈಟ್. ಇವರು ವಾಸ್ತುಶಿಲ್ಪಿಗಳಲ್ಲ, ವೃತ್ತಿಯಿಂದ ಪತ್ರಕರ್ತರು. ನಗರದ ಚೌಕಗಳಲ್ಲಿ ಕ್ಯಾಮರಾ ಇಟ್ಟು, ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಬಿಸಿಲು ಸರಿದಂತೆ ತಾವೂ ಹೇಗೆ ಸರಿಯುತ್ತಾರೆ ಎಂಬುದನ್ನು ವರ್ಷಗಟ್ಟಲೆ ಎಣಿಸಿದವರು. 1980ರಲ್ಲಿ ಪ್ರಕಟವಾದ ಇವರ ಗ್ರಂಥವು ಸಣ್ಣ ಸಾರ್ವಜನಿಕ ಸ್ಥಳಗಳ ಬಾಳನ್ನು ಕುರಿತದ್ದು. ಇವರ ಎಣಿಕೆಯಲ್ಲಿ ಒಂದು ಸೂಕ್ಷ್ಮವಿತ್ತು. ಒಂದು ಸ್ಥಳದಲ್ಲಿ ಹೆಂಗಸರ ಪ್ರಮಾಣ ಇಳಿದರೆ ಅಲ್ಲಿ ಏನೋ ಕೆಟ್ಟಿದೆಯೆಂದು ಇವರು ತಿಳಿಯುತ್ತಿದ್ದರು. ಎಲ್ಲಿ ಕೂರಬೇಕೆಂಬುದನ್ನು ಹೆಂಗಸರು ಗಂಡಸರಿಗಿಂತ ಹೆಚ್ಚು ವಿಚಾರಿಸಿ ಆರಿಸುತ್ತಾರೆಂಬುದು ಇವರು ಕಂಡುಕೊಂಡ ಸಂಗತಿ.

ಬ್ರಯಂಟ್ ಪಾರ್ಕನ್ನು ಕುರಿತು ವೈಟ್ ಕೊಟ್ಟ ಅಭಿಪ್ರಾಯ ಅಂದಿನ ಸಾಮಾನ್ಯ ನಂಬಿಕೆಯನ್ನು ತಲೆಕೆಳಗು ಮಾಡಿತು. ಮಾದಕದ್ರವ್ಯ ಮಾರುವವರು ಬಂದುದರಿಂದ ಜನ ಬಿಟ್ಟುಹೋದರೆಂದು ಎಲ್ಲರೂ ಹೇಳುತ್ತಿದ್ದರು. ಜನ ಬಾರದಿದ್ದುದರಿಂದಲೇ ಮಾರುವವರಿಗೆ ಎಡೆಯಾಯಿತೆಂದು ಇವರು ವಾದಿಸಿದರು. ಜನ ಬಾರದಿದ್ದುದಕ್ಕೆ ಕಾರಣ ಗೋಡೆ, ಬೇಲಿ, ಪೊದೆ ಮತ್ತು ಇಕ್ಕಟ್ಟಾದ ಬಾಗಿಲು. ಆದ್ದರಿಂದ ಹಸಿರುಬೇಲಿಯನ್ನು ತೆಗೆಯಿರಿ, ಕಬ್ಬಿಣದ ಸಲಾಕೆಗಳನ್ನು ಕೀಳಿರಿ, ಮೆಟ್ಟಿಲುಗಳನ್ನು ಅಗಲಮಾಡಿರಿ, ಕಲ್ಲುಕಟಕಟೆಗಳನ್ನು ಒಡೆದು ಹೊಸ ದಾರಿ ಬಿಡಿರಿ, ಇದು ಇವರ ಸಲಹೆಯ ಸಾರ.

1980ರಲ್ಲಿ ಡ್ಯಾನಿಯಲ್ ಬೀಡರ್‌ಮನ್ ಮೊದಲಾದವರಿಂದ ಉದ್ಯಾನದ ಪುನರುದ್ಧಾರಕ್ಕಾಗಿ ಒಂದು ಸಂಸ್ಥೆ ಸ್ಥಾಪಿತವಾಯಿತು. 1988ರಲ್ಲಿ ಉದ್ಯಾನವನ್ನು ಮುಚ್ಚಿ, ಅದರ ಹುಲ್ಲುಹಾಸಿನ ಅಡಿಯಲ್ಲಿ ಗ್ರಂಥಾಲಯದ ಪುಸ್ತಕಗಳಿಗಾಗಿ ನೆಲಮನೆಯನ್ನು ತೋಡಿ, ಮೇಲೆ ಉದ್ಯಾನಶಿಲ್ಪಿ ಲಾರಿ ಓಲಿನ್ನರ ಸಂಸ್ಥೆಯ ನಕ್ಷೆಯಂತೆ ಹೊಸ ಉದ್ಯಾನವನ್ನು ರಚಿಸಿ, 1992ರಲ್ಲಿ ತೆರೆದರು. ಎತ್ತರದ ಹಳೆಯ ಮರಗಳನ್ನು ಹಾಗೆಯೇ ಉಳಿಸಿಕೊಂಡು, ಕಣ್ಣಿಗೆ ಅಡ್ಡವಾದ ನಡುವಣ ಪದರವನ್ನು ಮಾತ್ರ ತೆಗೆದರು. ವಿಂಚೆಸ್ಟರಿನ ಕರಣಿಕರು ಇದ್ದಿದ್ದರೆ ತಲೆದೂಗುತ್ತಿದ್ದರು. ಪೊದೆಗಳು ಹೋದ ನೆಲವನ್ನು ಬರಿದಾಗಿ ಬಿಡಲೂ ಇಲ್ಲ. ಲಿಂಡೆನ್ ಮಿಲ್ಲರ್ ಎಂಬ ಮಹಿಳೆ, ಮೊದಲು ಚಿತ್ರಕಲಾವಿದೆಯಾಗಿದ್ದು ಬಳಿಕ ತೋಟದ ಕಸುಬಿಗೆ ಬಂದವರು, ಅಲ್ಲಿ 300 ಅಡಿ ಉದ್ದದ ಎರಡು ಹೂಪಾತಿಗಳನ್ನು ನಿರ್ಮಿಸಿದರು. ಇದಕ್ಕೆ ತೋಟಗಾರಿಕೆಯ ಅಂದಕ್ಕಿಂತ ಹೆಚ್ಚಿನ ಅರ್ಥವಿದೆ. ಬಾಡಿದ ಎಲೆಯನ್ನು ಯಾರೋ ದಿನವೂ ಬಿಡಿಸುತ್ತಿದ್ದಾರೆಂಬುದು ಹೂಪಾತಿಯಿಂದ ತಿಳಿಯುತ್ತದೆ. ಇಲ್ಲಿ ಯಜಮಾನರಿದ್ದಾರೆ ಎಂದು ಅದು ಹೇಳುತ್ತದೆ. ಇದರ ಜೊತೆಗೆ, ಬೇಕಾದಲ್ಲಿಗೆ ಎಳೆದುಕೊಳ್ಳಬಹುದಾದ ಬಿಡಿ ಕುರ್ಚಿಗಳನ್ನು ನೂರಾರು ಸಂಖ್ಯೆಯಲ್ಲಿ ಹರಡಿದರು. ಕಳವಾಗುತ್ತವೆಂದು ಹೆದರಿದವರ ಮಾತನ್ನು ಕೇಳಲಿಲ್ಲ.

ಜನ ಬಂದರು, ಹೆಂಗಸರೂ ಬಂದರು. ಅಪರಾಧಗಳು ಬಹುಮಟ್ಟಿಗೆ ಇಳಿದವು. ಆದರೆ 1990ರ ದಶಕದಲ್ಲಿ ನ್ಯೂಯಾರ್ಕ್ ನಗರದಲ್ಲೆಲ್ಲ ಅಪರಾಧಗಳು ಇಳಿಯುತ್ತಿದ್ದವು. ಈ ಉದ್ಯಾನಕ್ಕೆ ಖಾಸಗಿ ಕಾವಲುಗಾರರೂ ಕಸಗುಡಿಸುವವರೂ ಉಪಾಹಾರದ ಮಳಿಗೆಗಳೂ ಬಂದಿದ್ದವು. ಕೀರ್ತಿಯೆಲ್ಲವನ್ನೂ ಪೊದೆ ಕಡಿದ ಕತ್ತರಿಗೆ ಸಲ್ಲಿಸುವುದು ಇತಿಹಾಸಕಾರನಿಗೆ ಶೋಭಿಸದು. ಸಮಾಜಶಾಸ್ತ್ರಜ್ಞೆ ಶರನ್ ಝೂಕಿನ್ 1995ರ ತಮ್ಮ ಗ್ರಂಥದಲ್ಲಿ ಇನ್ನೂ ಕಟುವಾದ ಆಕ್ಷೇಪವನ್ನೆತ್ತಿದರು. ಸಾರ್ವಜನಿಕರ ಸೊತ್ತು ಹೀಗೆ ಖಾಸಗಿಯವರ ಆಡಳಿತಕ್ಕೆ ಹೋಯಿತು. ಕಾಫಿ ಕುಡಿಯಲು ಹಣವುಳ್ಳವರಿಗೆ ಹಿತವಾಗುವಂತೆ ಅದನ್ನು ಸಜ್ಜುಗೊಳಿಸಿದಾಗ ಹಣವಿಲ್ಲದವರು ಸದ್ದಿಲ್ಲದೆ ಹೊರಬಿದ್ದರು ಎಂದು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ, ತಳ್ಳಿಹಾಕಲೂ ಆರೆ.

ಪೊದೆ ಕಡಿದ ಮಾತ್ರಕ್ಕೆ ಉದ್ಯಾನ ಬದುಕದೆಂಬುದನ್ನು ಜೇನ್ ಜೇಕಬ್ಸ್ 1961ರಲ್ಲಿಯೇ, ಅಮೆರಿಕದ ನಗರಗಳ ಅಳಿವು ಉಳಿವುಗಳನ್ನು ಕುರಿತ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದರು. ಫಿಲಡೆಲ್ಫಿಯಾ ನಗರವನ್ನು 1682ರಲ್ಲಿ ಯೋಜಿಸಿದ ವಿಲಿಯಂ ಪೆನ್ ನಗರದ ನಾಲ್ಕು ದಿಕ್ಕುಗಳಲ್ಲಿ ಒಂದೇ ಬಗೆಯ ನಾಲ್ಕು ಚೌಕಗಳನ್ನು ಬಿಡಿಸಿದನು. ಅವುಗಳಲ್ಲಿ ರಿಟನ್‌ಹೌಸ್ ಚೌಕ ಬೆಳಗಿನಿಂದ ಸಂಜೆಯವರೆಗೆ ಜನರಿಂದ ತುಂಬಿರುತ್ತಿತ್ತು. ವಾಷಿಂಗ್ಟನ್ ಚೌಕ ದುಷ್ಕೀರ್ತಿಗೆ ಈಡಾಯಿತು. 1950ರ ದಶಕದಲ್ಲಿ ಅದನ್ನು ಮುಚ್ಚಿ ಹೊಸದಾಗಿ ರಚಿಸಿದ ಮೇಲೂ ಮಧ್ಯಾಹ್ನದ ಊಟದ ಹೊತ್ತಿನ ಹೊರತು ಅಲ್ಲಿ ಜನರಿರಲಿಲ್ಲ. ಕಾರಣವೇನು? ಮೊದಲನೆಯದರ ಸುತ್ತ ಮನೆ, ಅಂಗಡಿ, ಶಾಲೆ, ಕಚೇರಿಗಳೆಲ್ಲ ಬೆರೆತಿದ್ದವು. ಎರಡನೆಯದರ ಸುತ್ತ ಬರೀ ಕಚೇರಿಗಳಿದ್ದವು, ಐದು ಗಂಟೆಗೆ ಬೀಗ ಬಿದ್ದರೆ ಮುಗಿಯಿತು. ಉದ್ಯಾನವನ್ನು ಕಾಯುವುದು ನೆರೆಹೊರೆಯ ಕಣ್ಣು. ಆ ಕಣ್ಣಿಗೆ ಪೊದೆ ಅಡ್ಡಬರಬಾರದೆಂಬುದು ನಿಜ. ಕಣ್ಣೇ ಇಲ್ಲದಲ್ಲಿ ಅಡ್ಡಿಯನ್ನು ತೆಗೆದು ಪ್ರಯೋಜನವೇನು?

ವಿದ್ವಾಂಸರು ಈ ಅನುಭವಗಳಿಗೆ ಸಿದ್ಧಾಂತದ ರೂಪ ಕೊಟ್ಟುದು ಆಮೇಲೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಭೂಗೋಳಶಾಸ್ತ್ರಜ್ಞ ಜೇ ಆ್ಯಪಲ್ಟನ್ 1975ರಲ್ಲಿ, ಮನುಷ್ಯನು ತಾನು ಕಾಣಿಸಿಕೊಳ್ಳದೆ ದೂರದವರೆಗೆ ಕಾಣಬಲ್ಲ ನೆಲೆಯನ್ನು ಹುಟ್ಟಿನಿಂದಲೇ ಮೆಚ್ಚುತ್ತಾನೆಂದೂ, ಬೇಟೆಯಾಡಿ ಬದುಕಿದ ಪೂರ್ವಿಕರಿಂದ ಬಂದ ಸಂಸ್ಕಾರ ಇದೆಂದೂ ಪ್ರತಿಪಾದಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ನೋಟವೂ ಬೇಕು, ಮರೆಯೂ ಬೇಕು. ಆದರೆ ಮರೆ ಯಾರ ಪಾಲಿಗೆ? ಈ ಪ್ರಶ್ನೆಯನ್ನು ಎತ್ತಿಕೊಂಡವರು ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ನಾಸರ್ ಮತ್ತು ಫಿಶರ್. ತಮ್ಮ ವಿದ್ಯಾಲಯದ ಆವರಣದಲ್ಲಿ 1989ರಲ್ಲಿ ತೆರೆದ ಒಂದು ಕಲಾಕೇಂದ್ರದ ಸುತ್ತಮುತ್ತಲಿನ ಸ್ಥಳಗಳ ಬಗೆಗೆ ವಿದ್ಯಾರ್ಥಿಗಳ ಭಯವನ್ನು ವಿಚಾರಿಸಿ 1992ರಲ್ಲಿ ಪ್ರಕಟಿಸಿದರು. ಮುಂದಿನದು ಕಾಣದ, ಕೇಡಿಗನಿಗೆ ಅಡಗಲು ಎಡೆಯಿರುವ, ಓಡಿಹೋಗಲು ದಾರಿಯಿಲ್ಲದ ಸ್ಥಳಗಳಲ್ಲಿ ಭಯ ಅತ್ಯಧಿಕ. ಮೂರನೆಯ ಅಂಶವನ್ನು ಉದ್ಯಾನ ರಚಿಸುವವರು ಹಲವು ಸಲ ಮರೆಯುತ್ತಾರೆ. ಬ್ರಯಂಟ್ ಪಾರ್ಕಿನಲ್ಲಿ ಹಸಿರುಬೇಲಿಯಷ್ಟೇ ಅಪರಾಧ ಬಾಗಿಲುಗಳ ಕೊರತೆಯದೂ ಆಗಿತ್ತು.

ಹಾಗಾದರೆ ಗಿಡಮರಗಳೇ ಭಯಕ್ಕೆ ಮೂಲವೆ? ಇದಕ್ಕೆ ಫ್ರಾನ್ಸಿಸ್ ಕೂಓ ಹಾಗೂ ವಿಲಿಯಂ ಸಲ್ಲಿವನ್ ಎಂಬವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಡುತ್ತದೆ. ಶಿಕಾಗೋ ನಗರದ ಬಡವರ ವಸತಿ ಬಡಾವಣೆಯೊಂದರ 98 ಕಟ್ಟಡಗಳ ಎರಡು ವರ್ಷಗಳ ಪೋಲೀಸು ದಾಖಲೆಗಳನ್ನು ಅವರು ತುಲನೆ ಮಾಡಿದರು. ಸುತ್ತ ಹಸಿರಿದ್ದ ಕಟ್ಟಡಗಳಲ್ಲಿ ದಾಖಲಾದ ಅಪರಾಧಗಳು ಕಡಿಮೆ, ಬೋಳು ನೆಲದ ಕಟ್ಟಡಗಳಲ್ಲಿ ಹೆಚ್ಚು. ಅಲ್ಲಿನ ಹಸಿರೆಂದರೆ ಎತ್ತರದ ಮರಗಳು ಮತ್ತು ಹುಲ್ಲು. ನೆರಳಿದ್ದಲ್ಲಿ ನೆರೆಯವರು ಬಂದು ಕೂರುತ್ತಾರೆ, ಕೂತವರ ಕಣ್ಣು ಸುತ್ತ ಹರಿಯುತ್ತದೆ ಎಂಬುದು ಅವರು ಸೂಚಿಸಿದ ಕಾರಣಗಳಲ್ಲೊಂದು. ಹೆದರಿಕೆಯ ಹೆಸರಿನಲ್ಲಿ ಮರಗಳಿಗೇ ಕೊಡಲಿ ಹಾಕುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಇನ್ನು ರ್‍ಯಾಂಬಲ್‌ಗೆ ಹಿಂದಿರುಗೋಣ; ಕಥೆಯ ಇನ್ನೊಂದು ಮುಖ ಅಲ್ಲಿದೆ. 1955ರಲ್ಲಿ ಅದೇ ರಾಬರ್ಟ್ ಮೋಸೆಸ್ ಆ ಕೃತಕ ಅರಣ್ಯದ ಸುಮಾರು 14 ಎಕರೆಗಳನ್ನು ತೆರವುಗೊಳಿಸಿ ವೃದ್ಧರಿಗಾಗಿ ಒಂದು ವಿಹಾರಕೇಂದ್ರವನ್ನು ಕಟ್ಟಿಸಲು ಹೊರಟನು. ಲಾಸ್ಕರ್ ಪ್ರತಿಷ್ಠಾನದ 250,000 ಡಾಲರುಗಳ ದಾನವೂ ಒದಗಿತ್ತು. ವೃದ್ಧರ ಹಿತ ಒಂದು ಕಾರಣ. ಪೊದೆಗಳ ಮರೆಯಲ್ಲಿ ಸೇರುತ್ತಿದ್ದ ಸಲಿಂಗಪ್ರೇಮಿ ಪುರುಷರನ್ನು ಅಲ್ಲಿಂದ ಎಬ್ಬಿಸುವುದು ಹೇಳದೆ ಹೇಳಿದ ಇನ್ನೊಂದು ಕಾರಣವೆಂದು ಇತಿಹಾಸಕಾರರು ತಿಳಿಸುತ್ತಾರೆ. ಅವರ ಸಂಬಂಧವೇ ಅಂದಿನ ಕಾನೂನಿನಲ್ಲಿ ಅಪರಾಧವಾಗಿದ್ದಿತು; ಮನೆಯಲ್ಲಿಯೂ ಬೀದಿಯಲ್ಲಿಯೂ ನೆಲೆಯಿಲ್ಲದವರು ಪೊದೆಯ ಮರೆಹೊಕ್ಕಿದ್ದರು. ಅವರ ಪರವಾಗಿ ಮಾತನಾಡಲು ಆಗ ಯಾರೂ ಮುಂದೆ ಬರಲಿಲ್ಲ. ಯೋಜನೆಯನ್ನು ತಡೆದವರು ಪಕ್ಷಿವೀಕ್ಷಕರು. ವಸಂತದಲ್ಲಿಯೂ ಶರತ್ತಿನಲ್ಲಿಯೂ ಅಟ್ಲಾಂಟಿಕ್ ತೀರದುದ್ದಕ್ಕೂ ವಲಸೆ ಹೋಗುವ ಹಕ್ಕಿಗಳಿಗೆ ಕಲ್ಲು ಕಬ್ಬಿಣಗಳ ಆ ನಗರದಲ್ಲಿ ಇಳಿದು ದಣಿವಾರಿಸಿಕೊಳ್ಳಲು ಈ ಪೊದೆಗಳೇ ಬೀಡು. ಸೆಂಟ್ರಲ್ ಪಾರ್ಕಿನಲ್ಲಿ 200ಕ್ಕೂ ಮಿಕ್ಕಿ ಜಾತಿಯ ಹಕ್ಕಿಗಳು ದಾಖಲಾಗಿವೆ. ಅವರ ಪ್ರತಿಭಟನೆಗೆ ಮಣಿದು ಯೋಜನೆಯನ್ನು ಕೈಬಿಡಲಾಯಿತು. ಹೀಗೆ ಹಕ್ಕಿಗಳ ಮರೆಯಲ್ಲಿ ಮನುಷ್ಯರೂ ಉಳಿದರು.

ಅದೇ ರ್‍ಯಾಂಬಲ್‌ನಲ್ಲಿ 2020ರ ಮೇ 25ರಂದು ನಡೆದ ಘಟನೆಯೊಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹಕ್ಕಿಗಳನ್ನು ನೋಡಲು ಬಂದಿದ್ದ ಒಬ್ಬ ಕಪ್ಪುವರ್ಣದ ಪುರುಷನು, ನಾಯಿಗೆ ಹಗ್ಗ ಕಟ್ಟಬೇಕೆಂಬ ಅಲ್ಲಿನ ನಿಯಮವನ್ನು ಒಬ್ಬ ಬಿಳಿಯ ಮಹಿಳೆಗೆ ನೆನಪಿಸಿದನು. ಆಕೆ ಪೋಲೀಸರಿಗೆ ದೂರವಾಣಿ ಮಾಡಿ, ಒಬ್ಬ ಕಪ್ಪು ಮನುಷ್ಯ ತನ್ನನ್ನು ಬೆದರಿಸುತ್ತಿದ್ದಾನೆಂದು ದೂರಿದಳು. ಅವನ ಕೈಯಲ್ಲಿದ್ದುದು ದುರ್ಬೀನು. ಅಂದು ಅಲ್ಲಿ ಯಾರಿಗೆ ಯಾರಿಂದ ಅಪಾಯವಿತ್ತು? ಭಯದ ಭಾವನೆಯನ್ನೇ ಅಳತೆಗೋಲಾಗಿ ಹಿಡಿದು ಗಿಡಗಳನ್ನು ಕತ್ತರಿಸಲು ಹೊರಡುವವರು ಈ ಪ್ರಶ್ನೆಯನ್ನು ದಾಟಿ ಹೋಗಲಾರರು. ಭಯಕ್ಕೂ ಅಪಾಯಕ್ಕೂ ನಡುವೆ ಪೊದೆಯಷ್ಟೇ ಅಲ್ಲದೆ ನೋಡುವವರ ಪೂರ್ವಗ್ರಹವೂ ಬೆಳೆದಿರುತ್ತದೆ. ಅಶ್ವತ್ಥಕಟ್ಟೆಯ ಬಳಿ ನಾವು ಬಿಟ್ಟುಬಂದ ಪ್ರಶ್ನೆ ಇದೇ.

ನಮ್ಮ ದೇಶದಲ್ಲಿ ಈ ವಿಷಯದ ವಿಚಾರ ಬಲಗೊಂಡುದು ಹೆಂಗಸರ ಸಂಘಟನೆಗಳ ಮೂಲಕ. ಕೆನಡಾದ ಟೊರಾಂಟೋ ನಗರದಲ್ಲಿ 1989ರಲ್ಲಿ ಒಂದು ಮಹಿಳಾ ಸಂಸ್ಥೆ ರೂಪಿಸಿದ ‘ಸುರಕ್ಷತಾ ತಪಾಸಣೆ’ ಎಂಬ ಕ್ರಮವನ್ನು, ದಿಲ್ಲಿಯ ಜಾಗೋರಿ ಸಂಸ್ಥೆ ಇಲ್ಲಿಗೆ ಒಗ್ಗಿಸಿಕೊಂಡಿತು. ಹೆಂಗಸರು ಗುಂಪುಕಟ್ಟಿ ಸಂಜೆಯ ಹೊತ್ತು ತಮ್ಮ ಬೀದಿ, ತಮ್ಮ ಉದ್ಯಾನಗಳಲ್ಲಿ ನಡೆದು, ಎಲ್ಲಿ ದೀಪವಿಲ್ಲ, ಎಲ್ಲಿ ಪೊದೆ ದಾರಿಗೆ ಬಾಗಿದೆ, ಎಲ್ಲಿ ಕೂಗಿದರೆ ಕೇಳುವವರಿಲ್ಲ ಎಂದು ಗುರುತುಹಾಕುವುದು ಅದರ ವಿಧಾನ. 2012ರ ಡಿಸೆಂಬರಿನ ದಿಲ್ಲಿಯ ಘೋರ ಪ್ರಸಂಗದ ತರುವಾಯ, 2013ರಲ್ಲಿ ಕಲ್ಪನಾ ವಿಶ್ವನಾಥ್ ಮೊದಲಾದವರು ಇದನ್ನು ಮೊಬೈಲ್ ಫೋನಿನ ಮೂಲಕ ನಡೆಸುವ ‘ಸೇಫ್ಟಿಪಿನ್’ ಎಂಬ ಏರ್ಪಾಡನ್ನು ಆರಂಭಿಸಿದರು. ಬೆಳಕು, ತೆರವು, ಸುತ್ತಲಿನವರ ಕಣ್ಣು, ಜನಸಂಚಾರ, ಹೆಂಗಸರ ಪ್ರಮಾಣ, ಇವೆಲ್ಲ ಅದರ ಅಂಕಗಳಲ್ಲಿ ಸೇರಿವೆ.

ಮುಂಬಯಿಯಲ್ಲಿಯೇ ಮೂವರು ಲೇಖಕಿಯರು, ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ, 2011ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ಚರ್ಚೆಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಹೆಂಗಸರ ರಕ್ಷಣೆಯ ಹೆಸರಿನಲ್ಲಿ ಬಡವರನ್ನೂ ಪರಕೀಯರೆನಿಸಿದವರನ್ನೂ ಸಾರ್ವಜನಿಕ ಸ್ಥಳಗಳಿಂದ ಹೊರದೂಡುವುದು ಹೆಂಗಸರಿಗೇ ಕೇಡು. ಯಾವ ಕೆಲಸವೂ ಇಲ್ಲದೆ ಸುಮ್ಮನೆ ಅಡ್ಡಾಡುವ ಹಕ್ಕು ಎಲ್ಲರಿಗೂ ಇದ್ದಾಗಲೇ ಹೆಂಗಸಿಗೂ ಇದ್ದೀತು ಎಂಬುದು ಅವರ ವಾದದ ತಿರುಳು. ವೈಟ್ ಹೆಂಗಸರನ್ನು ಎಣಿಸಿದರು. ಈ ಮೂವರು ಎಣಿಕೆಗೆ ಸಿಕ್ಕದವರನ್ನು ನೆನೆದರು.

ಶಿವಾಜಿ ಪಾರ್ಕಿನ ಸುತ್ತಲಿನ ತಗ್ಗುಗೋಡೆಯನ್ನು ಮರಾಠಿಯಲ್ಲಿ ‘ಕಟ್ಟಾ’ ಎನ್ನುತ್ತಾರೆ, ನಮ್ಮ ಕಟ್ಟೆಯೇ. ತಲೆಯ ಮೇಲೆ ಮರಗಳು, ಬೆನ್ನಿಗೆ ಬಯಲು, ಮುಂದೆ ಬೀದಿ. ಅಜ್ಜಂದಿರೂ ಕಾಲೇಜಿನ ಹುಡುಗಿಯರೂ ರಾತ್ರಿಯವರೆಗೆ ಅಲ್ಲಿ ಕುಳಿತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ನಾನಿರುವ ಉಪನಗರದಲ್ಲಿಯೂ ಒಂದು ಚಿಕ್ಕ ಉದ್ಯಾನವಿದೆ. ಕೆಲವು ವರ್ಷಗಳ ಹಿಂದೆ ಅದನ್ನು ‘ಸುಂದರಗೊಳಿಸಿ’ದರು: ಸುತ್ತ ಆಳೆತ್ತರದ ಸರಳುಗಳು, ಅದಕ್ಕೆ ಹತ್ತಿಕೊಂಡಂತೆ ಡುರಾಂಟಾ ಗಿಡಗಳ ದಪ್ಪ ಬೇಲಿ, ಒಂದೇ ಒಂದು ಬಾಗಿಲು, ಮಧ್ಯಾಹ್ನಪೂರ್ತಿ ಬೀಗ. ಮೊದಲು ಅಲ್ಲಿ ಹುಣಿಸೆಹಣ್ಣು ಬಿಡಿಸುತ್ತ ಕೂರುತ್ತಿದ್ದ ನಮ್ಮ ಚಾಳಿನ ಹೆಂಗಸರು ಈಗ ಬೀದಿಯಾಚೆಯ ಅಂಗಡಿಯ ಮೆಟ್ಟಿಲಿನ ಮೇಲೆ ಕೂರುತ್ತಾರೆ. ಒಳಗೇಕೆ ಹೋಗುವುದಿಲ್ಲವೆಂದು ಅವರಲ್ಲಿ ಹಿರಿಯರಾದ ಒಬ್ಬರನ್ನು ಕೇಳಿದೆ. “ಅಲ್ಲಿ ಕೂತ್ರ ಯಾರ ಬಂದ್ರು ಯಾರ ಹೋದ್ರು ಒಂದೂ ಕಾಣಂಗಿಲ್ಲಪ್ಪಾ,” ಎಂದರು. ಮಳೆಗಾಲಕ್ಕೆ ಮುನ್ನ ಕೊಂಬೆ ಕತ್ತರಿಸುವವರು ಈ ವರ್ಷವೂ ಬಂದರು. ಮಳೆಮರದ ಎತ್ತರದ ಕೊಂಬೆಗಳನ್ನು ಕಡಿದು ಲಾರಿ ತುಂಬಿಕೊಂಡು ಹೋದರು, ಬೇಲಿಯನ್ನು ಮುಟ್ಟಲಿಲ್ಲ.